ಜಾಲಿಸಿದರೂ ಹೋಗದ ಗೀಟು

ರಾಷ್ಟ್ರಗಳ ಗಡಿ, ಚಿನ್ನದ ಬೆಲೆ, ಮಂತ್ರಿಮಂಡಲದ ಆಯುಸ್ಸು ಮುಂತಾದ ಸಣ್ಣಪುಟ್ಟ ವಿಷಯಗಳನ್ನು ಇವತ್ತಿನ ಮಟ್ಟಿಗೆ ಬದಿಗಿಟ್ಟು, ಓದುಗರು ಒಂದು ಗಂಭೀರ ಸಂಗತಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಊರಿನ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಬಿಳಿ ಹಾಸಿಗೆ ಬಟ್ಟೆಯ ಮೇಲಿನ ಕಲೆ ಹೋಗುತ್ತಿಲ್ಲ. ಅಂಗೈಯಗಲದ ಕಲೆ, ಬಣ್ಣ ಕಿತ್ತಳೆ. ರಕ್ತ, ಅಯೋಡಿನ್ನು, ಕೆಮ್ಮಿನೌಷಧಿ, ಡಾಕ್ಟರರ ಪೆನ್ನಿನ ಶಾಯಿ, ಎಲ್ಲವನ್ನೂ ಮಣ್ಣು ಮುಕ್ಕಿಸಿದ ಕೈಯೊಂದು ಈ ಕಲೆಯ ಮುಂದೆ ಸೋತು ಕೂತಿದೆ.

ಆ ಕೈ ಚೊಕ್ಕಮ್ಮನವರದು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಸಂಬಳದ ಚೀಟಿಯ ಮೇಲೆ ಮಾತ್ರ ಕಾಣಿಸುತ್ತದೆ. ಚೊಕ್ಕಮ್ಮ ಎಂದು ಕರೆದವರು ಎಂದೋ ನಿವೃತ್ತರಾದ ಹಿರಿಯ ನರ್ಸೊಬ್ಬರು. ಅವರು ಹೋದರು, ಹೆಸರು ಉಳಿಯಿತು. ಅದೂ ಒಂದು ಕಲೆಯೇ, ತೊಳೆದರೆ ಹೋಗುವಂಥದ್ದಲ್ಲ ಎಂದು ಅವರ ನಾದಿನಿ ಆಡಿಕೊಳ್ಳುತ್ತಾರೆ.

ಇನ್ನೂ ಬೆಳಕು ಹರಿದಿಲ್ಲ. ಮೇಲಿನ ವಾರ್ಡುಗಳಲ್ಲಿ ಥರ್ಮಾಮೀಟರುಗಳು ಎದ್ದಿಲ್ಲ. ಕೆಳಗೆ, ಲಿಫ್ಟಿನ ಗುಂಡಿಯ ಮೇಲಿನ ಅಕ್ಷರವೂ ಸವೆದುಹೋದ ಅಂತಸ್ತಿನಲ್ಲಿ, ಚೊಕ್ಕಮ್ಮ ಬಟ್ಟೆ ರಾಶಿಯ ಎದುರು ನಿಂತು ಮೂಸುತ್ತಿದ್ದಾರೆ. ಕಣ್ಣಿಗೆ ಮೊದಲು ಮೂಗು ಎನ್ನುವುದು ಇಲ್ಲಿನ ಪದ್ಧತಿ. ಕಣ್ಣು ಕಲೆ ಎಲ್ಲಿದೆ ಎಂದು ಹೇಳುತ್ತದೆ, ಯಾವುದರದು ಎಂದು ಹೇಳುವುದು ಮೂಗು. ರಕ್ತದ್ದಾದರೆ ತಣ್ಣೀರು, ಎಣ್ಣೆಯದಾದರೆ ಬಿಸಿನೀರು. ಅದಲುಬದಲಾದರೆ ಕಲೆ ಬಟ್ಟೆಯ ಜೊತೆಗೇ ಸಂಸಾರ ಹೂಡುತ್ತದೆ. ದಿನಕ್ಕೆ ಎಷ್ಟು ಬಟ್ಟೆ ಬರುತ್ತದೆ ಎಂದು ಕೇಳಿದರೆ ಅವರು ಕೆಜಿಯಲ್ಲಿ ಹೇಳುವುದಿಲ್ಲ. "ಬೆಳಿಗ್ಗೆ ಒಂದು ಗುಡ್ಡ, ಮಧ್ಯಾಹ್ನ ಅದರ ಮರಿ. ಆಪರೇಷನ್ ಜಾಸ್ತಿ ಇದ್ದ ದಿನ ಎರಡು ಗುಡ್ಡ, ಮಧ್ಯೆ ಕಣಿವೆ. ಆ ಕಣಿವೇಲಿ ನಾನು."

ಈ ನೆಲಮಾಳಿಗೆಯಲ್ಲಿ ಮೂವರದು ಕೆಲಸ. ತೊಳೆಯುವುದು ಚೊಕ್ಕಮ್ಮ. ಇಸ್ತ್ರಿ ಯಂತ್ರದ ಬಳಿ ನಿಲ್ಲುವುದು ನಾದಿನಿ, ಅಂದರೆ ಗಂಡನ ತಂಗಿ. ಹಬೆ, ಬಿಸಿನೀರು ಒದಗಿಸುವುದು ಬಾಯ್ಲರಣ್ಣ. ಗಂಡ ಇದೇ ಆಸ್ಪತ್ರೆಯ ಲಿಫ್ಟಿನಲ್ಲಿದ್ದಾರೆ. ಅವರ ಬಗ್ಗೆ ಚೊಕ್ಕಮ್ಮನವರ ಅಭಿಪ್ರಾಯ ಚುಟುಕಾಗಿದೆ: "ದಿನಾ ಅಷ್ಟು ಸಲ ಮೇಲೆ ಹೋಗ್ತಾರೆ, ಒಂದ್ಸಲವೂ ಮೇಲೆ ಬಂದಿಲ್ಲ."

ಕಷ್ಟ ಕೇಳಿದರೆ ಅವರು ಕೈ ಚಾಚುತ್ತಾರೆ. ಬ್ಲೀಚು ಮತ್ತು ಬಿಸಿನೀರು ಸೇರಿ ಬೆರಳ ತುದಿಗಳನ್ನು ಗಾಜಿನಂತೆ ನುಣುಪಾಗಿಸಿವೆ. ಗೆರೆಗಳೇ ಇಲ್ಲ. ಹಾಜರಿಗೆಂದು ಹೊಸ ಯಂತ್ರ ತಂದು ಗೋಡೆಗೆ ಹೊಡೆದ ದಿನದಿಂದ ಅದು ಇವರನ್ನು ಗುರುತಿಸಿಲ್ಲ. ಹೆಬ್ಬೆಟ್ಟು ಒತ್ತುತ್ತಾರೆ, ಕೆಂಪು ದೀಪ ಹತ್ತುತ್ತದೆ. ಒರೆಸಿಕೊಂಡು ಮತ್ತೆ ಒತ್ತುತ್ತಾರೆ, ಮತ್ತೆ ಕೆಂಪು. ಕೊನೆಗೆ ಗುಮಾಸ್ತರು ಬಂದು, ಹೌದಪ್ಪ, ಇವರು ಇವರೇ, ಎಂದು ಯಂತ್ರಕ್ಕೆ ತಿಳಿಸಬೇಕು. ಕೆಮ್ಮೂ ಇದೆ. ಅದನ್ನು ಅವರು ಕಷ್ಟಗಳ ಪಟ್ಟಿಗೆ ಸೇರಿಸುವುದಿಲ್ಲ. ಅದು ಮನೆಯವರ ಪೈಕಿ ಎನ್ನುತ್ತಾರೆ.

ಇನ್ನು ಕಲೆಯ ಕತೆ.

ಆ ವಾರ ಬಟ್ಟೆ ಒಣಗಿಸುವ ಯಂತ್ರ ಕೆಟ್ಟು ಮಲಗಿತ್ತು. ಹಾಸಿಗೆ ಬಟ್ಟೆಗಳನ್ನೆಲ್ಲ ಹಿತ್ತಿಲ ಅಂಗಳದ ತಂತಿಗಳ ಮೇಲೆ ಹರವಿದ್ದರು. ರಾತ್ರಿಯೆಲ್ಲ ಗಾಳಿ, ತುಂತುರು. ದೂರದ ಕಡಲಲ್ಲಿ ಚಂಡಮಾರುತ ಎದ್ದಿದೆ ಎಂದು ರೇಡಿಯೊ ಎರಡು ದಿನದಿಂದ ಹೇಳುತ್ತಿದ್ದರೂ ಈ ಊರಿನವರು ಅದನ್ನು ನೆಂಟರ ಮನೆಯ ಜಗಳದಂತೆ ಕೇಳಿ ಬಿಟ್ಟಿದ್ದರು. ಕಡಲು ಇಲ್ಲಿಂದ ಒಂದು ಹಗಲು, ಒಂದು ರಾತ್ರಿಯ ರೈಲು ದಾರಿ. ಊರಿನ ಅರ್ಧ ಜನ ಅದನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದಾರೆ.

ನಸುಕಿನಲ್ಲಿ ಚೊಕ್ಕಮ್ಮ ಅಂಗಳಕ್ಕೆ ಬಂದಾಗ ಸಿಮೆಂಟು ನೆಲ ದೀಪದ ಬೆಳಕಿಗೆ ಕೆರೆಯಂತೆ ಹೊಳೆಯುತ್ತಿತ್ತು. ಒಂದು ಹಾಸಿಗೆ ಬಟ್ಟೆ ಕೆಳಗೆ ಬಿದ್ದಿತ್ತು. ಅದರ ನಡುವೆ ಒಂದು ಕಪ್ಪು ಕಾಲುಚೀಲ. ಯಾವ ಡಾಕ್ಟರದೋ ಎಂದು ಕೈ ಹಾಕಿದರು. ಕಾಲುಚೀಲ ಕತ್ತೆತ್ತಿ, ಬಾಯಿ ತೆರೆದು, ಬಿಸಿ ಬಿಸಿಯಾದ ಕಿತ್ತಳೆ ಎಣ್ಣೆಯನ್ನು ಪಿಚಕಾರಿಯಂತೆ ಉಗಿಯಿತು. ಅರ್ಧ ಬಟ್ಟೆಯ ಮೇಲೆ, ಅರ್ಧ ಚೊಕ್ಕಮ್ಮನವರ ಕುತ್ತಿಗೆಯ ಮೇಲೆ.

"ನನ್ನ ಮೇಲೆ ಮಕ್ಕಳು ಕಕ್ಕಿದಾರೆ, ರೋಗಿಗಳು ಕಕ್ಕಿದಾರೆ. ಬೇಕಂತಲೇ, ಗುರಿ ನೋಡಿ ಉಗಿದಿದ್ದು ಅದೊಂದೇ" ಎಂದು ಅವರು ನೆನೆಯುತ್ತಾರೆ. ಗರ ಬಡಿದವರಂತೆ ನಿಂತುಬಿಟ್ಟರಂತೆ. ಉಗಿದದ್ದಕ್ಕಲ್ಲ, ವಾಸನೆಗೆ. ಮೀನೆಣ್ಣೆ, ಹಳೆಯ ಕಂಬಳಿ, ಪೆಟ್ಟಿಗೆಯಲ್ಲಿಟ್ಟು ಮರೆತ ರೇಷ್ಮೆ, ಮೂರೂ ಸೇರಿದಂಥ ವಾಸನೆ. ಇಡೀ ಆಸ್ಪತ್ರೆಯ ವಾಸನೆಗಳನ್ನೆಲ್ಲ ಬಲ್ಲ ಮೂಗಿಗೆ ಅದು ಯಾವುದರದು ಎಂದು ತಿಳಿಯಲಿಲ್ಲ.

ಕಾಗೆಗಿಂತ ಚಿಕ್ಕದು, ಕಡುಕಂದು ಮೈ, ಉದ್ದ ರೆಕ್ಕೆ, ಉದ್ದ ಬಾಲ. ನಿಲ್ಲಲು ಹೋಗಿ ಎದೆಯ ಮೇಲೆ ಕವುಚಿ ಬೀಳುತ್ತಿತ್ತು. ಕಾಲು ಮುರಿದಿದೆ ಎಂದುಕೊಂಡು ಟವೆಲ್ಲಿನಲ್ಲಿ ಸುತ್ತಿ ಒಳಗೆ ತಂದರು. ಬಾಯ್ಲರಣ್ಣ ನೋಡಿ ಗೂಬೆಮರಿ ಎಂದು ತೀರ್ಪು ಕೊಟ್ಟ. ನಾದಿನಿ, ಗೂಬೆಯೂ ಅಲ್ಲ ಮಣ್ಣೂ ಅಲ್ಲ, ಕಾಗೆಗೆ ನೆಗಡಿಯಾಗಿ ಮೂಗು ಊದಿದೆ, ಎಂದರು. ಹೌದು, ಕೊಕ್ಕಿನ ಮೇಲೆ ಎರಡು ಪುಟ್ಟ ಕೊಳವೆಗಳಿದ್ದವು, ಜೋಡುನಳಿಗೆ ಬಂದೂಕದಂತೆ. ಅದು ಹಕ್ಕಿಗೆ ಅಂಟಿದ ರೋಗವೆಂದು ಮೂವರೂ ಒಪ್ಪಿದರು.

ಆಮೇಲೆ ಚೊಕ್ಕಮ್ಮ ಮಾಡಿದ ಕೆಲಸವನ್ನು ಜಗತ್ತಿನಲ್ಲಿ ಒಗೆಯುವವರ ಹೊರತು ಯಾರೂ ಮಾಡಲಾರರು. ಹಕ್ಕಿ ನಾರುತ್ತಿತ್ತು, ಮೈಯೆಲ್ಲ ಜಿಡ್ಡು. ಆದ್ದರಿಂದ ತೊಳೆದರು. ಉಗುರುಬೆಚ್ಚನೆ ನೀರು, ಕೂಸುಗಳ ವಾರ್ಡಿನ ಬಟ್ಟೆಗೆ ಬಳಸುವ ಸೌಮ್ಯ ಸೋಪು, ಬೆರಳ ತುದಿಯಲ್ಲಿ ಒಂದೊಂದು ಗರಿ. ಕೊನೆಗೆ, ಪಾಪ, ಮೈ ಮೆತ್ತಗಾಗಲಿ ಎಂದು ಬಟ್ಟೆ ಮೃದುವಾಗಿಸುವ ದ್ರವದಲ್ಲಿ ಒಂದು ಮುಳುಗು. ಹಕ್ಕಿ ಘಮಘಮ ಎಂದಿತು. "ಮದುವೆ ಹೆಣ್ಣಿನ ಹಾಗೆ ಮಾಡಿ ಕೂರಿಸಿದ್ದೆ" ಎಂದು ಹೇಳಿ ಅವರು ಅತ್ತ ತಿರುಗುತ್ತಾರೆ. ಕೆಮ್ಮು ಎಂದು ಸಮಜಾಯಿಷಿ ಕೊಡುತ್ತಾರೆ.

ಲಿಫ್ಟಿನ ಗಂಡನ ಮೂಲಕ ಒಂದು ಫೋಟೊ ಮೂರನೆಯ ಮಹಡಿಯ ಎಕ್ಸ್‌ರೇ ಸಾಹೇಬರಿಗೆ ಹೋಯಿತು. ಎಕ್ಸ್‌ರೇ ತೆಗೆಯುವ ಈ ಮನುಷ್ಯ ಭಾನುವಾರವಾದರೆ ದುರ್ಬೀನು ಹಿಡಿದು ಕೆರೆ ಸುತ್ತುತ್ತಾರೆ, ಹಕ್ಕಿ ಹುಚ್ಚು. ಫೋಟೊದಲ್ಲಿ ಇದ್ದದ್ದು ಟವೆಲ್ಲು, ಟವೆಲ್ಲಿನೊಳಗೆ ಒದ್ದೆ ಬೆನ್ನು, ಬೆರಳುಗಳ ನಡುವೆ ಚರ್ಮದ ಪೊರೆಯಿದ್ದ ಒಂದು ಪಾದ. ಹೊರಗೆ ಮೂಳೆ ಮುರಿದವರ ಸಾಲು. ಅವರು ಒಂದು ಕಣ್ಣಲ್ಲಿ ನೋಡಿ, ಕೆರೆಯ ಮಾಮೂಲಿ ನೀರುಹಕ್ಕಿ, ನೀರಿಗೆ ಬಿಟ್ಟರೆ ಸರಿಹೋಗುತ್ತದೆ, ಎಂದು ಹೇಳಿ ಕಳಿಸಿದರು.

ಕೆರೆ ದೂರ. ಜಾಲಿಸುವ ತೊಟ್ಟಿ ಹತ್ತಿರ. ಮೊದಲು ಅದರಲ್ಲೇ ಈಜಲಿ, ನೋಡೋಣ ಎಂದು ಚೊಕ್ಕಮ್ಮ ಹಕ್ಕಿಯನ್ನು ಮೆಲ್ಲಗೆ ನೀರ ಮೇಲೆ ಇಟ್ಟು ಕೈ ತೆಗೆದರು.

ಹಕ್ಕಿ ಮುಳುಗಿತು.

ಒದ್ದಾಡಿ ಮುಳುಗಿದ್ದಲ್ಲ. ನೀರು ಕುಡಿದ ಬಟ್ಟೆಯಂತೆ, ಅಂಚಿನಿಂದ ನೆನೆಯುತ್ತ ನೆನೆಯುತ್ತ ಕೆಳಗಿಳಿಯಿತು. ಕಣ್ಣು ತೆರೆದೇ ಇತ್ತು. ಮೂವರೂ ಬಾಯಿ ತೆರೆದು ನಿಂತಿದ್ದರು. ನೀರುಹಕ್ಕಿ ನೀರಲ್ಲಿ ಮುಳುಗುವುದೆಂದರೆ ಹಬೆ ಕೆಳಕ್ಕೆ ಸುರಿದ ಹಾಗೆ. ಮೊದಲು ಎಚ್ಚೆತ್ತವರು ನಾದಿನಿ: "ಅತ್ತಿಗೇ, ತೆಗೀರಿ!" ಮೊಣಕೈವರೆಗೆ ಕೈ ಹಾಕಿ ಎತ್ತಿದಾಗ ಹಕ್ಕಿ ಬದುಕಿತ್ತು, ನಡುಗುತ್ತಿತ್ತು. ಎಷ್ಟೋ ಸಾವಿನ ಬಟ್ಟೆ ಒಗೆದ ಚೊಕ್ಕಮ್ಮ ಅವತ್ತು ಮೊದಲ ಬಾರಿಗೆ ಗುಡ್ಡವನ್ನು ಹಾಗೇ ಬಿಟ್ಟು, ಹಕ್ಕಿಯನ್ನು ಎದೆಗವಚಿಕೊಂಡು ಕೂತರಂತೆ. ಏನು ತಪ್ಪಾಯಿತೆಂದು ಗೊತ್ತಾಗಲಿಲ್ಲ. ತಪ್ಪು ತಮ್ಮದೇ ಎನ್ನುವುದು ಮಾತ್ರ ಗೊತ್ತಾಯಿತು.

ನೀರುಹಕ್ಕಿ ಮುಳುಗಿತು ಎಂಬ ಸುದ್ದಿ ಲಿಫ್ಟೇರಿ ಹೋದದ್ದೇ ಎಕ್ಸ್‌ರೇ ಸಾಹೇಬರು ಸಾಲನ್ನು ಸಹಾಯಕರಿಗೆ ಒಪ್ಪಿಸಿ ಕೆಳಗೆ ಓಡಿ ಬಂದರು. ಓಡಿ ಬಂದರು ಎನ್ನುವುದು ಪೂರ್ತಿ ನಿಜವಲ್ಲ. ಅವರಿಗೆ ದಾರಿ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಇದೇ ಕಟ್ಟಡದಲ್ಲಿ ಜನರ ಒಳಗನ್ನೆಲ್ಲ ನೋಡಿದವರು ಕಟ್ಟಡಕ್ಕೇ ಇಂಥ ಒಂದು ಒಳಗಿದೆ ಎಂದು ನೋಡಿರಲಿಲ್ಲ. ಹಬೆ, ಗುಡ್ಡ, ಸದ್ದು, ಮೂವರು ಮನುಷ್ಯರು. ಬಾಗಿಲಲ್ಲೇ ತಬ್ಬಿಬ್ಬಾಗಿ ನಿಂತರು. ಚೊಕ್ಕಮ್ಮ ಅವರನ್ನು ಆಗಲೇ ಬಲ್ಲರು, ಮುಖವನ್ನಲ್ಲ, ಕೋಟನ್ನು.

"ಎಡಗಡೆ ಜೇಬಲ್ಲಿ ಬಿಸ್ಕತ್ತಿನ ಪುಡಿ ಇರತ್ತಲ್ಲ, ಅವರಾ ನೀವು?"

ಸಾಹೇಬರು ಜೇಬಿಗೆ ಕೈ ಹಾಕಿ ನೋಡಿಕೊಂಡು, ಹೌದೆಂದರು. ಟವೆಲ್ಲು ಬಿಡಿಸಿದರು. ಕೊಕ್ಕಿನ ಮೇಲಿನ ಜೋಡುಕೊಳವೆ ಕಂಡದ್ದೇ ಅವರ ಮುಖದ ರಕ್ತ ಇಳಿಯಿತು. ನೆಲದ ಮೇಲೆ ಕೂತುಬಿಟ್ಟರು. ಇದು ಕೆರೆಯದಲ್ಲ, ಕಡಲಿನದು, ಎಂದರು. ದಡದ್ದೂ ಅಲ್ಲ, ನಡುಗಡಲಿನ ಪೆಟ್ರೆಲ್ ಕುಲ. ಮೊಟ್ಟೆಯಿಡುವ ಕಾಲ ಬಿಟ್ಟರೆ ನೆಲ ತುಳಿಯುವುದಿಲ್ಲ. ಉಪ್ಪುನೀರೇ ಕುಡಿದು ಉಪ್ಪನ್ನು ಆ ಮೂಗಿನಿಂದ ಹನಿಸಿಬಿಡುತ್ತದೆ. ಕಾಲು ಮುರಿದಿಲ್ಲ, ನಡೆಯಲು ಬರುವುದೇ ಇಲ್ಲ. ಗಾಳಿ ಹೊತ್ತು ತಂದಿದೆ, ಒದ್ದೆ ಅಂಗಳವನ್ನು ನೀರೆಂದು ತಿಳಿದು ಇಳಿದಿದೆ. ನಾನೇ ನೀರಿಗೆ ಬಿಡಿ ಅಂದೆನಲ್ಲ, ಎಂದು ಹಣೆ ಬಡಿದುಕೊಂಡರು. ಆಮೇಲೆ ಅನುಮಾನದಿಂದ ಕೇಳಿದರು: ಈ ಹಕ್ಕಿಗೆ ಕೆಟ್ಟ ವಾಸನೆ ಇರಬೇಕಿತ್ತು, ಇದು ಮಲ್ಲಿಗೆ ವಾಸನೆ ಹೊಡೀತಾ ಇದೆಯಲ್ಲ?

ಚೊಕ್ಕಮ್ಮ ಹೇಳಿದರು. ಬೆಚ್ಚನೆ ನೀರು, ಸೋಪು, ಮೆತ್ತಗಾಗುವ ದ್ರವ, ಎಲ್ಲವನ್ನೂ, ಒಂದನ್ನೂ ಬಿಡದೆ. ಸಾಹೇಬರು ಕಡಲ ತೀರದಲ್ಲಿ ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಹೆಂಗಸೊಬ್ಬರಿಗೆ ಫೋನು ಹಚ್ಚಿ, ಅದನ್ನೇ ಮತ್ತೆ ಹೇಳಿದರು. ಮೆತ್ತಗಾಗುವ ದ್ರವದ ಹೆಸರನ್ನು ಆಕೆ ಎರಡು ಸಲ ಹೇಳಿಸಿದರು.  ಗರಿಗಳು ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಹೊರಗಿಡುತ್ತವೆ, ಅವುಗಳ ಮೇಲೆ ಸೋಪಾಗಲಿ ಆ ಮೆತ್ತನೆಯ ದ್ರವವಾಗಲಿ ಒಂದು ಪೊರೆ ಉಳಿದರೂ ಹೆಣಿಗೆ ಬಿಚ್ಚುತ್ತದೆ, ನೀರು ಒಳಗೆ ಬರುತ್ತದೆ, ಎಂದು ಆಕೆ ವಿವರಿಸಿದರು. ಹಾಗೇ ಕಡಲಿಗೆ ಬಿಟ್ಟರೆ ಮೊದಲ ರಾತ್ರಿಯೇ ಸಾವು. ಇಂಥ ಹಕ್ಕಿಗಳು ಹಿಡಿದಿಟ್ಟರೆ ಹೆಚ್ಚು ದಿನ ಬಾಳುವುದೂ ಇಲ್ಲ.

"ಉಪಾಯ ಇದೆಯಾ ಕೇಳಿ" ಎಂದರು ಚೊಕ್ಕಮ್ಮ.

ಇತ್ತು. ಹಕ್ಕಿಯನ್ನು ಮೊದಲು ಕತ್ತಲಲ್ಲಿ ಬೆಚ್ಚಗೆ ಸುಧಾರಿಸಲು ಬಿಡಬೇಕು, ತೆಳು ನಳಿಗೆಯಲ್ಲಿ ಮೀನಿನ ಗಂಜಿ ಕೊಡಬೇಕು. ಚೇತರಿಸಿಕೊಂಡ ಮೇಲೆ ಜಾಲಿಸಬೇಕು, ಬರೀ ನೀರಿನಲ್ಲಿ, ಸೋಪಿನ ಕೊನೆಯ ಕಣ ಹೋಗುವವರೆಗೆ. ನೀರು ಗಡುಸಾಗಿರಬಾರದು. ಬಹಳಷ್ಟು ಜನ ತೊಳೆಯುವುದರಲ್ಲಿ ಅಲ್ಲ, ಜಾಲಿಸುವುದರಲ್ಲೇ ಸೋಲುತ್ತಾರೆ, ಎಂದರು ಆಕೆ.

ನೆಲಮಾಳಿಗೆಯಲ್ಲಿ ಅಂದು ಬೆಳಿಗ್ಗೆಯಿಂದ ಮೊದಲ ಬಾರಿಗೆ ಯಾರೋ ಇವರಿಗೆ ಗೊತ್ತಿರುವ ಭಾಷೆ ಮಾತಾಡಿದ್ದರು. "ತೊಳೆಯೋದು ಯಾರಿಗೂ ಬರತ್ತೆ. ನೊರೆ ಬಂದರೆ ಆಯ್ತು, ಖುಷಿ. ಜಾಲಿಸೋದಕ್ಕೆ ತಾಳ್ಮೆ ಬೇಕು. ಅಲ್ಲಿ ನೋಡೋಕೆ ಏನೂ ಇರಲ್ಲ" ಎನ್ನುತ್ತಾರೆ ಚೊಕ್ಕಮ್ಮ. ಮೆದು ನೀರಿನ ಒಡೆಯ ಬಾಯ್ಲರಣ್ಣ. ಕೊಳವೆಗಳಲ್ಲಿ ಸುಣ್ಣ ಕಟ್ಟಬಾರದೆಂದು ಬಾಯ್ಲರಿಗೆ ಸೋಸಿದ ನೀರೇ ಹೋಗುತ್ತದೆ. ಅದರ ಒಂದು ಬಕೆಟ್ಟನ್ನೂ ಆತ ಈವರೆಗೆ ಯಾರಿಗೂ ಕೊಟ್ಟವನಲ್ಲ, ಹೆಂಡತಿಯ ತಲೆಸ್ನಾನಕ್ಕೂ. ಅವತ್ತು ಕೇಳುವ ಮೊದಲೇ ನಲ್ಲಿ ತಿರುಗಿಸಿಟ್ಟ.

ಮರುದಿನ ಬೆಳಿಗ್ಗೆ ಜಾಲಿಸುವ ಕೆಲಸ ಶುರುವಾಯಿತು. ನಾದಿನಿ ಹಕ್ಕಿಯನ್ನು ಹಿಡಿದರು, ಚೊಕ್ಕಮ್ಮ ಸಣ್ಣ ಧಾರೆ ಬಿಟ್ಟು ಗರಿಯ ಬುಡದಿಂದ ತುದಿಗೆ ನೀರು ನಡೆಸಿದರು. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಿದೆ, ಎಂದು ಬಾಯ್ಲರಣ್ಣ ಗೊಣಗಿದ. ಆಗ ಎದೆಯ ಮೇಲೆ ಒಂದು ಹನಿ ನಿಂತಿತು. ಹರಡಲಿಲ್ಲ, ನೆನೆಯಲಿಲ್ಲ, ಗುಂಡಗೆ ಮಣಿಯಾಗಿ ನಿಂತು ಜಾರಿ ಬಿತ್ತು. ಇನ್ನೊಂದು. ಆಮೇಲೆ ಹೊಟ್ಟೆಯ ಮೇಲೆಲ್ಲ ಮಣಿಗಳು, ಕೆಸುವಿನ ಎಲೆಯ ಮೇಲಿನಂತೆ. ಬೆಚ್ಚನೆಯ ಇಸ್ತ್ರಿ ಕೋಣೆಯ ಕತ್ತಲಲ್ಲಿ ಹಕ್ಕಿ ಕೊಕ್ಕಿನಿಂದ ಒಂದೊಂದು ಗರಿಯನ್ನೂ ತೀಡಿಕೊಂಡು, ನಾದಿನಿ ಮಡಿಸಿದ ಬಟ್ಟೆಗಿಂತ ಓರಣವಾಗಿ ಕೂತಿತು.

ಒಣಗಿದ ಮೇಲೆ ಕಂಡಿತು ಆ ಗೀಟು. ಎರಡೂ ರೆಕ್ಕೆಗಳ ಮೇಲೆ ಓರೆಯಾಗಿ ಒಂದೊಂದು ಮಸುಕು ಬಿಳಿ ಪಟ್ಟಿ. ಸುಕ್ಕು ಹುಡುಕುವ ಕಣ್ಣಿನ ನಾದಿನಿಯೇ ಮೊದಲು ನೋಡಿದ್ದು. "ಅತ್ತಿಗೆ, ಸೋಪು ಉಳಿಸಿದೀರ."

ಕಪ್ಪು ಬಟ್ಟೆಯ ಮೇಲೆ ತಿಳಿ ಗೀಟು ಕಂಡರೆ ಅದು ಜಾಲಿಸದೆ ಉಳಿದ ಸೋಪು. ಇದು ಒಗೆಯುವವರ ಲೋಕದ ಮೊದಲ ಪಾಠ.  ಚೊಕ್ಕಮ್ಮ ಹಕ್ಕಿಯನ್ನು ಮತ್ತೆ ತೊಟ್ಟಿಗೆ ತಂದರು. ಜಾಲಿಸಿದರು, ಒಣಗಿಸಿದರು, ಗೀಟು ಇತ್ತು. ಮತ್ತೆ ಜಾಲಿಸಿದರು, ಗೀಟು ಇತ್ತು. ಹಕ್ಕಿ ಸೋಲುತ್ತಿತ್ತು. ಮೊದಲಿನಂತೆ ಉಗಿಯಲು ಕತ್ತೂ ಎತ್ತುತ್ತಿರಲಿಲ್ಲ. ಮೂರನೆಯ ಸಲ ನಲ್ಲಿ ತಿರುಗಿಸಲು ಹೋದ ಕೈ ಅಲ್ಲೇ ನಿಂತಿತು. ಗಂಡನನ್ನು ಕರೆದು, ಬಿಸ್ಕತ್ತಿನವರಿಗೆ ಹೇಳಿ, ನನ್ನ ಕೈಲಿ ಆಗಲಿಲ್ಲ, ಸೋಪು ಹೋಗ್ತಾ ಇಲ್ಲ, ಎಂದು ಹೇಳಿ ಕಳಿಸಿದರು. ಮೂವತ್ತು ವರ್ಷದ ಕೆಲಸದಲ್ಲಿ ಅವರು ಹಾಗೆ ಹೇಳಿ ಕಳಿಸಿದ್ದಿಲ್ಲ.

ಈ ಸಲ ಸಾಹೇಬರು ದಾರಿ ತಪ್ಪದೆ ಬಂದರು. ರೆಕ್ಕೆ ಬಿಡಿಸಿದರು, ಗೀಟನ್ನು ನೋಡಿದರು. ಇನ್ನೊಂದು ರೆಕ್ಕೆಯನ್ನೂ ಬೆಳಕಿಗೆ ಹಿಡಿದರು, ಹಕ್ಕಿ ಮಿಸುಕಲಿಲ್ಲ. ಹಕ್ಕಿ ಸತ್ತೇಹೋಯಿತೇನೋ ಎಂದು ಚೊಕ್ಕಮ್ಮ ಅದರ ಎದೆ ಮುಟ್ಟಿ ನೋಡಿದರು.

"ಇದು ಸೋಪಲ್ಲಮ್ಮ. ಇದು ಅದರ ಗುರುತು" ಎಂದರು ಅವರು.

ಕಡುಕಂದು ಪೆಟ್ರೆಲ್‌ಗಳು ಹಲವು. ಇಷ್ಟು ಉದ್ದ ಬಾಲ, ರೆಕ್ಕೆಯ ಮೇಲೆ ಇಷ್ಟು ಸ್ಪಷ್ಟ ತಿಳಿ ಪಟ್ಟಿ ಸೇರಿ ಬರುವ ಜಾತಿ ಅವುಗಳಲ್ಲೇ ಅಪರೂಪದ್ದು. ಒದ್ದೆ ಮುದ್ದೆಯಾಗಿ, ದ್ರವದ ಪೊರೆ ಮೆತ್ತಿಕೊಂಡಿದ್ದಾಗ ಪಟ್ಟಿ ಮುಚ್ಚಿಹೋಗಿತ್ತು. ಸೋಪು ಪೂರ್ತಿ ಹೋದದ್ದರಿಂದಲೇ ಅದು ಕಂಡಿತ್ತು. ಸೋತೆ ಎಂದು ಹೇಳಿ ಕಳಿಸಿದ ಗಳಿಗೆಯಲ್ಲಿ ಚೊಕ್ಕಮ್ಮ ಗೆದ್ದು ಮುಗಿಸಿದ್ದರು. ಇನ್ನೊಂದು ಸಲ ಜಾಲಿಸಿದ್ದರೆ ಹಕ್ಕಿಯೇ ಇರುತ್ತಿರಲಿಲ್ಲ. ಫೋಟೊ ನೋಡಿದ ಕಡಲ ತೀರದ ಹೆಂಗಸು ಇನ್ನೂ ಎರಡು ಫೋಟೊ ತರಿಸಿಕೊಂಡರು.  ಅಷ್ಟು ವರ್ಷ ದಡದಲ್ಲಿದ್ದು ಆಕೆ ಈ ಜಾತಿಯದನ್ನು ಸತ್ತದ್ದನ್ನಷ್ಟೇ ಕಂಡಿದ್ದರಂತೆ. ಆದರೂ ಒಂದು ಗುರುತು ಸಾಲದು, ಇನ್ನೇನಾದರೂ ಇದೆಯೇ ಎಂದು ಕೇಳಿದರು. ಇತ್ತು. ಎರಡು ಸಲ ಕುದಿಸಿದರೂ ಹಾಸಿಗೆ ಬಟ್ಟೆಯನ್ನು ಬಿಡದ ಎಣ್ಣೆ, ಅದರ ವಾಸನೆಯ ಸಮೇತ. ಕಲೆಯ ಒಂದು ಮೂಲೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿ ಎಂದರು ಆಕೆ. ಒಳ್ಳೆ ಬಟ್ಟೆಗೆ ಕತ್ತರಿ ಹಾಕುವುದಕ್ಕೆ ಚೊಕ್ಕಮ್ಮ ಒಪ್ಪಿಕೊಳ್ಳಲು ಹಕ್ಕಿ ಉಳಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು ಎನ್ನುತ್ತಾರೆ ನಾದಿನಿ.

ಹಕ್ಕಿ ಒಂದು ಹಗಲು ವಿಶ್ರಾಂತಿ ಪಡೆದ ಮೇಲೆ ತೇಲುವ ಪರೀಕ್ಷೆ. ಅದೇ ತೊಟ್ಟಿ. ಲಿಫ್ಟು ನಿಲ್ಲಿಸಿ ಗಂಡನೂ ಇಳಿದು ಬಂದಿದ್ದರು. ಮೇಲೆ ಯಾರೋ ಗುಂಡಿ ಒತ್ತುತ್ತಲೇ ಇದ್ದರು. ಚೊಕ್ಕಮ್ಮ ಹಕ್ಕಿಯನ್ನು ನೀರ ಮೇಲಿಟ್ಟರು. ಕೈ ತೆಗೆಯಲಿಲ್ಲ. ತೆಗೀರಿ ಎಂದು ಸಾಹೇಬರು, ತೆಗೀರಿ ಎಂದು ಬಾಯ್ಲರಣ್ಣ. ನಾದಿನಿ ಅತ್ತಿಗೆಯ ಮಣಿಕಟ್ಟು ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದರು.

ಹಕ್ಕಿ ತೇಲಿತು. ಬೆಂಡಿನ ಹಾಗೆ, ಎತ್ತರಕ್ಕೆ, ನೀರು ತನಗೆ ಸಂಬಂಧವೇ ಇಲ್ಲವೆಂಬಂತೆ. ಒಮ್ಮೆ ಮೈ ಕೊಡವಿ, ಕತ್ತು ತಿರುಗಿಸಿ, ಅಲ್ಲಿದ್ದವರಲ್ಲಿ ಚೊಕ್ಕಮ್ಮನವರನ್ನೇ ಆರಿಸಿ ಮತ್ತೊಮ್ಮೆ ಉಗಿಯಿತು. ಇದೂ ಆರೋಗ್ಯದ ಲಕ್ಷಣವೆಂದು ಸಾಹೇಬರು ಹೇಳಿದರು. "ಉಪಕಾರಕ್ಕೆ ಉಗಿಯೋದು ಮನುಷ್ಯರು ಮಾತ್ರ ಅಂದ್ಕೊಂಡಿದ್ದೆ" ಎಂದರು ನಾದಿನಿ.

ಆಮ್ಲಜನಕದ ಸಿಲಿಂಡರು ತುಂಬಿಸಲು ಕಡಲ ಕಡೆಗೆ ಹೋಗುವ ಲಾರಿಯಲ್ಲಿ, ಗಾಳಿ ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಳಗೆ ಹಕ್ಕಿ ಹೊರಟಿತು. ಜೊತೆಗೆ ಎಕ್ಸ್‌ರೇ ಸಾಹೇಬರು ರಜೆ ಹಾಕಿ ಹೋದರು. ಚೊಕ್ಕಮ್ಮನವರನ್ನೂ ಕರೆದರು, ಕಡಲು ನೋಡಿದ ಹಾಗೂ ಆಗುತ್ತದೆ ಎಂದು. ಅವರು ಗುಡ್ಡದ ಕಡೆ ಕೈ ತೋರಿಸಿದರಂತೆ. "ಕಡಲಿಗೆ ಹೋಗಬೇಕಾದ್ದು ಅದು. ನಾನು ಹೋದರೆ ಇದನ್ನ ಯಾರು ಜಾಲಿಸ್ತಾರೆ?"

ಈಗ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಸ್ವಲ್ಪ ಯೋಚಿಸುತ್ತಾರೆ. ಮೂಲೆ ಕತ್ತರಿಸಿದ ಆ ಹಾಸಿಗೆ ಬಟ್ಟೆ ಅವರ ಕಪಾಟಿನ ಮೇಲಿನ ಅರೆಯಲ್ಲಿದೆ. ವಾರ್ಡಿಗೆ ಕಳಿಸುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಬಿಡುವಾದಾಗ ತೆಗೆದು ಮೂಸಿ ನೋಡುತ್ತಾರೆ. "ಹೊಸ ಸೋಪು ಬಂದಿದೆಯಂತೆ, ಒಂದ್ಸಲ ಹಾಕಿ ನೋಡಬೇಕು" ಎನ್ನುತ್ತಾರೆ. ಆ ಹೊಸ ಸೋಪು ಬಂದು ತಿಂಗಳಾಯಿತು, ಪೊಟ್ಟಣ ಒಡೆದಿಲ್ಲ, ಎಂದು ಇಸ್ತ್ರಿ ಯಂತ್ರದ ಹಿಂದಿನಿಂದ ನಾದಿನಿಯ ದನಿ ಬರುತ್ತದೆ.

ಬೆಳಕಾಗಿದೆ. ಇವತ್ತು ಆಪರೇಷನ್ ಜಾಸ್ತಿ, ಎರಡನೆಯ ಗುಡ್ಡ ಇಳಿಯುವ ಹೊತ್ತು. ಚೊಕ್ಕಮ್ಮ ಕೈ ಒರೆಸಿಕೊಂಡು ಹೋಗಿ ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಕೆಂಪು ದೀಪ ಹತ್ತುತ್ತದೆ.

ಹಕ್ಕಿಯನ್ನು ದಡದಿಂದ ದೂರ, ದೋಣಿಯಿಂದ ನೀರಿಗೆ ಬಿಟ್ಟರು. ಅದು ಸ್ವಲ್ಪ ಹೊತ್ತು ತೇಲಿ, ಎದ್ದು ಹಾರಿಹೋಯಿತು. ಕಲೆ ಹೋಗಿಲ್ಲ.